ಐಸ್‌ಲ್ಯಾಂಡ್‌ಗೆ ಹೋಗೋರಿಗೆ ಜಲಪಾತದ ಲಿಸ್ಟ್ ಸಾಕಾಗಲ್ಲ, ರಸ್ತೆ ಬಗ್ಗೆನೂ ಬರೀರಿ

ಸಂಪಾದಕರಿಗೆ ನಮಸ್ಕಾರ,

ಭಾನುವಾರದ ಪುರವಣಿಯಲ್ಲಿ ಬಂದ ಐಸ್‌ಲ್ಯಾಂಡ್ ಲೇಖನ ಓದಿದೆ. ಫೋಟೋಗಳು ಚೆನ್ನಾಗಿದ್ವು, ಬರವಣಿಗೆನೂ ಪರವಾಗಿಲ್ಲ, ಆದ್ರೆ ಪೂರ್ತಿ ಒಂದು ಪುಟದಲ್ಲಿ ಜಲಪಾತ, ಕಪ್ಪು ಮರಳು, ನಾರ್ದರ್ನ್ ಲೈಟ್ಸ್, ಹೋಟೆಲ್ ರೇಟು ಎಲ್ಲಾ ಇದ್ದು ಕಾರು ಓಡೋ ರಸ್ತೆ ಬಗ್ಗೆ "ಏರ್‌ಪೋರ್ಟಿನಲ್ಲೇ ಕಾರು ಬಾಡಿಗೆಗೆ ಸಿಗುತ್ತೆ, ರಸ್ತೆಗಳು ಚೆನ್ನಾಗಿವೆ" ಅಂತ ಒಂದೇ ಸಾಲು ಬರೆದು ಮುಗಿಸಿದ್ದಾರೆ. ನಾನು ಕೆಲಸ ಮಾಡಿದಷ್ಟು ಕಾಲ ರಸ್ತೆ, ಮೋರಿ, ಸೇತುವೆ ಕಟ್ಟಿಸಿ ರಿಟೈರ್ ಆದವನು, ಮಗಳು ಅಳಿಯನ ಜೊತೆ ಹೋದ ಬೇಸಿಗೆಯಲ್ಲಿ ಅಲ್ಲಿ ಸುತ್ತಿ ಬಂದಿದ್ದೀನಿ, ಆ ಒಂದು ಸಾಲು ನೋಡಿ ಸುಮ್ನಿರೋಕೆ ಆಗ್ಲಿಲ್ಲ. ಈಗ ನಮ್ಮ ಹುಡುಗರು ಬೆಂಗಳೂರಿಂದ, ಲಂಡನ್ನಿಂದ, ಜರ್ಮನಿಯಿಂದ ಗುಂಪು ಗುಂಪಾಗಿ ಹೋಗ್ತಿದ್ದಾರೆ, ಅವರು ಓದೋದು ಇಂಥ ಲೇಖನಗಳನ್ನೇ.

ಐಸ್‌ಲ್ಯಾಂಡ್ ಅಂದ್ರೆ ನಮ್ಮ ಕರ್ನಾಟಕದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ವಿಸ್ತೀರ್ಣ, 1 ಲಕ್ಷ 3 ಸಾವಿರ ಚದರ ಕಿಲೋಮೀಟರ್. ಜನ ನಾಲ್ಕು ಲಕ್ಷವೂ ಇಲ್ಲ, ಅವರಲ್ಲೂ ಬಹುಪಾಲು ರಾಜಧಾನಿ ರೇಕ್ಯಾವಿಕ್ ಸುತ್ತಮುತ್ತನೇ ಇರೋದು. ದ್ವೀಪದ ಸುತ್ತ ಒಂದು ರಿಂಗ್ ರೋಡ್, ನಂಬರ್ 1, ಸುಮಾರು 1,300 ಕಿಲೋಮೀಟರ್ ಚಿಲ್ಲರೆ. ನಮ್ಮ ಕಡೆ ರಿಂಗ್ ರೋಡ್ ಅಂದ್ರೆ ಎಂಟು ಲೇನ್, ಫ್ಲೈಓವರ್ ಅಂತ ಮನಸ್ಸಿಗೆ ಬರುತ್ತಲ್ಲ, ಇದು ಹಾಗಲ್ಲ, ಎರಡೇ ಲೇನ್, ನಡುವೆ ಡಿವೈಡರ್ ಇಲ್ಲ, ಪಕ್ಕದಲ್ಲಿ ಶೋಲ್ಡರ್, ಅಂದ್ರೆ ಗಾಡಿ ಬದಿಗೆ ನಿಲ್ಲಿಸೋ ಜಾಗ, ಅನ್ನೋದು ಹೆಸರಿಗೆ ಮಾತ್ರ, ಟಾರು ಅಂಚಿಂದ ಒಂದು ಚಕ್ರ ಇಳಿದ್ರೆ ಇಳಿಜಾರು. 2019ರಲ್ಲಿ ಪೂರ್ವದ ಒಂದು ಫ್ಯೋರ್ಡ್ (ಬೆಟ್ಟಗಳ ನಡುವೆ ಒಳಗೆ ಚಾಚಿರೋ ಕಡಲು) ಹತ್ರ ಉಳಿದಿದ್ದ ಕೊನೇ ಜಲ್ಲಿ ತುಂಡಿಗೂ ಟಾರು ಬಿತ್ತು, ಅಲ್ಲೀವರೆಗೂ ದೇಶದ ನಂಬರ್ ಒನ್ ರಸ್ತೆಯಲ್ಲೇ ಜಲ್ಲಿ ಇತ್ತು. ಇದನ್ನ ಬಡತನ ಅಂತ ತಿಳ್ಕೋಬೇಡಿ. ಅಲ್ಲಿ ರಸ್ತೆ ಮಾಡೋರಿಗೆ ನೆಲ ತಮ್ಮ ಮಾತು ಕೇಳಲ್ಲ ಅಂತ ಗೊತ್ತು, ಹಾಗಾಗಿ ರಸ್ತೆ ಇವತ್ತಲ್ಲ ನಾಳೆ ಹೋಗುತ್ತೆ ಅಂತ ಲೆಕ್ಕ ಹಾಕಿಕೊಂಡೇ ಕಟ್ತಾರೆ, ಹೋದಾಗ ಜಗತ್ತೇ ಮುಳುಗಿದ ಹಾಗೆ ಆಡಲ್ಲ. ನನಗೆ ಆ ದೇಶದಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಇದೇನೇ, ಜಲಪಾತ ಆಮೇಲೆ.

ದಕ್ಷಿಣದಲ್ಲಿ ಸ್ಕೇಯ್ಡರಾರ್‌ಸಾಂಡುರ್ ಅಂತ ಒಂದು ಮರಳುಗಾಡು ಬರುತ್ತೆ, ಉಚ್ಚಾರಣೆ ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ. ವಾಟ್ನಾಯೋಕುಲ್ ಅನ್ನೋ ಹಿಮನದಿ ದೇಶದ ನೂರಕ್ಕೆ ಎಂಟು ಭಾಗ ಮುಚ್ಚಿಕೊಂಡು ಕೂತಿದೆ, ಅದರ ಕಾಲ ಬುಡದಲ್ಲಿ ಸಮುದ್ರದವರೆಗೂ ಬರೀ ಕಪ್ಪು ಮರಳು, ಜಲ್ಲಿ, ದಿನಕ್ಕೊಂದು ದಿಕ್ಕು ಹಿಡಿಯೋ ಹೊಳೆಗಳು. ಇಲ್ಲಿ ಸೇತುವೆ ಕಟ್ಟೋಕಾಗಲ್ಲ ಅಂತ ಬಿಟ್ಟಿದ್ರಿಂದ ರಿಂಗ್ ರೋಡು 1974ರವರೆಗೂ ರಿಂಗ್ ಆಗಿರಲಿಲ್ಲ, ಆಗ್ನೇಯ ಮೂಲೆಯ ಊರಿನೋರು ರೇಕ್ಯಾವಿಕ್‌ಗೆ ಕಾರಲ್ಲಿ ಹೋಗ್ಬೇಕು ಅಂದ್ರೆ ಉತ್ತರದಿಂದ ಇಡೀ ದ್ವೀಪ ಸುತ್ತಬೇಕಿತ್ತು. ಕೊನೆಗೆ ಲಾಟರಿ ಬಾಂಡ್ ಮಾರಿ ದುಡ್ಡು ಎತ್ತಿ ಸೇತುವೆಗಳನ್ನ ಕಟ್ಟಿ ಆ ವರ್ಷ ಕೂಡಿಸಿದ್ರು.

ಇಷ್ಟೆಲ್ಲಾ ಮಾಡಿ ಇಪ್ಪತ್ತೆರಡು ವರ್ಷ ಆಗಿತ್ತು ಅಷ್ಟೇ, 1996ರ ಸೆಪ್ಟೆಂಬರ್ ಕೊನೆಗೆ ಹಿಮನದಿ ಅಡಿಯಲ್ಲೇ ಜ್ವಾಲಾಮುಖಿ ಸಿಡೀತು. ಮೇಲೆ ನೂರಾರು ಮೀಟರ್ ದಪ್ಪ ಐಸು, ಕೆಳಗೆ ಬೆಂಕಿ, ಕರಗಿದ ನೀರೆಲ್ಲಾ ಗ್ರಿಮ್ಸ್‌ವೋಟ್ನ್ ಅನ್ನೋ ಒಳಗಿನ ಕೆರೆಯಲ್ಲಿ ಒಂದು ತಿಂಗಳಿಗೂ ಜಾಸ್ತಿ ತುಂಬ್ತಾ ಬಂತು. ನೀರು ತುಂಬ್ತಿರೋದು ವಿಜ್ಞಾನಿಗಳಿಗೆ ಗೊತ್ತಿತ್ತು, ರಸ್ತೆಯವರಿಗೂ ಗೊತ್ತಿತ್ತು, ಯಾವತ್ತು ಒಡೆಯುತ್ತೆ ಅನ್ನೋದೊಂದು ಬಿಟ್ಟು. ನವೆಂಬರ್ 5ಕ್ಕೆ ಒಡೀತು. ಗರಿಷ್ಠ ಹರಿವು ಸೆಕೆಂಡಿಗೆ 45 ಸಾವಿರ ಘನ ಮೀಟರ್ ದಾಟಿತ್ತು, ನಮ್ಮ ಲೆಕ್ಕದಲ್ಲಿ ಹೇಳೋದಾದ್ರೆ 15 ಲಕ್ಷ ಕ್ಯೂಸೆಕ್‌ಗೂ ಮೇಲೆ. ಕೆಆರ್‌ಎಸ್‌ನಿಂದ ಒಂದು ಲಕ್ಷ ಕ್ಯೂಸೆಕ್ ಬಿಟ್ರೆ ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆ ಹತ್ರ ಬ್ಯಾರಿಕೇಡ್ ಹಾಕಿ ನೀವು ಮುಖಪುಟದಲ್ಲಿ ಫೋಟೋ ಹಾಕ್ತೀರಿ, ಇದು ಅದರ ಹದಿನೈದು ಪಟ್ಟು, ಜೊತೆಗೆ ಮನೆ ಗಾತ್ರದ ಐಸ್ ತುಂಡುಗಳು ತೇಲಿಕೊಂಡು. ಒಂದು ಸೇತುವೆ ಪೂರ್ತಿ ಹೋಯ್ತು, ದೊಡ್ಡ ಸೇತುವೆಯ ಒಂದು ಭಾಗ ಹೋಯ್ತು, ರಸ್ತೆ ಕಿಲೋಮೀಟರ್‌ಗಟ್ಟಲೆ ಕೊಚ್ಚಿಹೋಯ್ತು. ಸತ್ತವರು? ಒಬ್ಬರೂ ಇಲ್ಲ. ಮೊದಲೇ ರಸ್ತೆ ಬಂದ್ ಮಾಡಿದ್ರು, ಅಷ್ಟೇ. ಆ ಸೇತುವೆಯ ತಿರುಚಿಹೋದ ಗಿರ್ಡರ್‌ಗಳನ್ನ, ಅಂದ್ರೆ ಉಕ್ಕಿನ ತೊಲೆಗಳನ್ನ, ರಸ್ತೆ ಪಕ್ಕದಲ್ಲೇ ಸ್ಮಾರಕದ ಥರ ಇಟ್ಟಿದ್ದಾರೆ, ಮಗಳು ಐಸ್ ಬೆಟ್ಟದ ಫೋಟೋ ತೆಗೀತಾ ಇದ್ರೆ ನಾನು ಆ ಕಬ್ಬಿಣದ ಸುತ್ತ ಸುತ್ತುತಾ ಇದ್ದೆ, ಅಷ್ಟು ದಪ್ಪದ ಸ್ಟೀಲು ಹಾಗೆ ಮಡಚಿರೋದನ್ನ ನನ್ನ ಸರ್ವೀಸಿನಲ್ಲಿ ನೋಡಿರ್ಲಿಲ್ಲ.

ತಮಾಷೆ ಅಂದ್ರೆ 2009ರಲ್ಲಿ ಆ ದೊಡ್ಡ ಸೇತುವೆ ಕೆಳಗಿನ ಹೊಳೆನೇ ಜಾಗ ಬದಲಾಯಿಸ್ತು. ಹಿಮನದಿ ಕರಗಿ ಹಿಂದೆ ಸರಿದು ನೀರು ಪಕ್ಕದ ಹೊಳೆಗೆ ಸೇರಿ, ದೇಶದ ಅತಿ ಉದ್ದದ ಸೇತುವೆ ಒಣ ಮರಳಿನ ಮೇಲೆ ನಿಂತ್ಕೊಂಡ್ತು. 2017ರಲ್ಲಿ ಪಕ್ಕದಲ್ಲೇ ಒಂದು ಚಿಕ್ಕ ಸೇತುವೆ ಕಟ್ಟಿ ಟ್ರಾಫಿಕ್ ಅದಕ್ಕೆ ತಿರುಗಿಸಿದ್ರು.

ಇನ್ನೊಂದು, 2010ರ ಏಪ್ರಿಲ್‌ನಲ್ಲಿ ಯೂರೋಪಿನ ವಿಮಾನಗಳನ್ನೆಲ್ಲಾ ನಿಲ್ಲಿಸಿದ ಐಯಾಫ್ಯಾಟ್ಲಯೋಕುಲ್ ಜ್ವಾಲಾಮುಖಿ ನಿಮಗೆ ನೆನಪಿರಬೇಕು. ಆಗ ಬೂದಿ ಬಗ್ಗೆನೇ ಎಲ್ಲಾ ಪೇಪರಲ್ಲಿ ಬಂತು. ಅದು ಸಿಡಿದ ದಿನವೇ ಕೆಳಗೆ ಪ್ರವಾಹ ಬರ್ತಿದೆ ಅಂತ ಗೊತ್ತಾದ ತಕ್ಷಣ ಅವರು ಜೆಸಿಬಿ ಕಳಿಸಿ ತಮ್ಮದೇ ಹೈವೇನ ಕೆಲವು ಕಡೆ ಅಗೆದು ಹಾಕಿದ್ರು, ನೀರು ಆ ಕಂಡಿಯಲ್ಲಿ ನುಗ್ಗಿ ಹೋಯ್ತು, ದೊಡ್ಡ ಸೇತುವೆ ಉಳೀತು. ಏರಿ ಅಗೆದ್ರೆ ಮತ್ತೆ ಮಣ್ಣು ತುಂಬಿದ್ರಾಯ್ತು, ಸೇತುವೆ ಹೋದ್ರೆ ವರ್ಷ ಬೇಕು. ಇಷ್ಟು ಸರಳ ಲೆಕ್ಕ, ಆದ್ರೆ ಆ ಹೊತ್ತಲ್ಲಿ ಮೇಲಿನವರ ಸಹಿಗೆ ಕಾಯದೆ ಅಗೆಯೋ ಧೈರ್ಯ ಬೇಕಲ್ಲ, ಫೈಲು ಹಿಡ್ಕೊಂಡು ಓಡಾಡಿದೋರಿಗೆ ಅದರ ಬೆಲೆ ಗೊತ್ತು. ಮರುವರ್ಷ ಜುಲೈನಲ್ಲಿ ವಿಕ್ ಊರಿನ ಪೂರ್ವಕ್ಕೆ ಮೂಲಾಕ್ವಿಸ್ಲ್ ಹೊಳೆಯ ಸೇತುವೆ ಇಂಥದ್ದೇ ಪ್ರವಾಹದಲ್ಲಿ ಕೊಚ್ಚಿಹೋದಾಗ ದೊಡ್ಡ ಲಾರಿಗಳ ಮೇಲೆ ಕಾರುಗಳನ್ನ ಹೇರಿ ಹೊಳೆ ದಾಟಿಸ್ತಾ ಇದ್ರು, ಒಂದು ವಾರದಲ್ಲಿ ತಾತ್ಕಾಲಿಕ ಸೇತುವೆ ರೆಡಿ.

ಈಗಿನ ವಿಷಯಕ್ಕೆ ಬರ್ತೀನಿ. ಲೇಖನದಲ್ಲಿ ಬ್ಲೂ ಲಗೂನ್ ಅನ್ನೋ ಬಿಸಿನೀರಿನ ಸ್ನಾನದ ಕೊಳದ ಬಗ್ಗೆ ಎರಡು ಪ್ಯಾರಾ ಇದೆ, ಅದರ ಪಕ್ಕದ ಗ್ರಿಂಡವಿಕ್ ಅನ್ನೋ ಮೀನುಗಾರರ ಊರಿನ ಹೆಸರೇ ಇಲ್ಲ. 2023ರ ನವೆಂಬರ್ 10ರ ರಾತ್ರಿ ಆ ಊರಿನ ಮೂರೂವರೆ ಸಾವಿರಕ್ಕೂ ಹೆಚ್ಚು ಜನಾನ ಮನೆ ಬಿಡಿಸಿದ್ರು, ಅಡಿಯಲ್ಲಿ ಶಿಲಾರಸ ನುಗ್ಗಿ ನೆಲ ಸೀಳ್ತಾ ಇತ್ತು. ಡಿಸೆಂಬರ್‌ನಲ್ಲಿ ಸಿಡೀತು, 2024ರ ಜನವರಿ 14ಕ್ಕೆ ಲಾವಾ ಊರೊಳಗೇ ಬಂದು ಮನೆ ಸುಟ್ಟಿತು, ಫೆಬ್ರವರಿಯಲ್ಲಿ ಬಿಸಿನೀರಿನ ಪೈಪಿನ ಮೇಲೆ ಹರಿದು ಚಳಿಗಾಲದ ನಡುವಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನಕ್ಕೆ ಮನೆ ಕಾಯಿಸೋ ನೀರು ನಿಂತುಹೋಯ್ತು. ಅಲ್ಲಿ ಹತ್ತರಲ್ಲಿ ಒಂಬತ್ತು ಮನೆಗೆ ಶಾಖ ಬರೋದೇ ಭೂಮಿಯ ಬಿಸಿನೀರಿಂದ, ಕೊಡೋದೂ ಅದೇ ನೆಲ ಕಿತ್ಕೊಳ್ಳೋದೂ ಅದೇ ನೆಲ. ರಸ್ತೆ ಮೇಲೆ ಲಾವಾ ಬಂತು ಅಂದ್ರೆ ಅದು ಪೂರ್ತಿ ಆರೋಕೆ ಕಾಯಲ್ಲ, ಮೇಲಿನ ಪದರ ಗಟ್ಟಿಯಾದ್ರೆ ಸಾಕು ಅದರ ಮೇಲೇ ಜಲ್ಲಿ ಹಾಕಿ ಹೊಸ ರಸ್ತೆ ಎಳೀತಾರೆ. ಊರಿನ ಸುತ್ತ, ಹತ್ರದ ಪವರ್ ಪ್ಲಾಂಟಿನ ಸುತ್ತ ಮಣ್ಣು ಕಲ್ಲಿನ ದೊಡ್ಡ ದೊಡ್ಡ ಒಡ್ಡು ಹಾಕಿದ್ದಾರೆ ಲಾವಾ ತಿರುಗಿಸೋಕೆ. ನಾವು ಒಡ್ಡು ಹಾಕೋದು ನೀರಿಗೆ, ಅವರು ಹಾಕೋದು ಬೆಂಕಿಗೆ.

ಯಾಕೆ ಹೀಗೆ ಅಂತ ಮಕ್ಕಳಿಗೆ ಪಾಠದಲ್ಲಿದೆ, ಭೂಮಿಯ ಹೊರಪದರದ ದೊಡ್ಡ ತುಂಡುಗಳಾದ ಉತ್ತರ ಅಮೆರಿಕದ ಪ್ಲೇಟು, ಯುರೇಷಿಯಾ ಪ್ಲೇಟು ಎರಡೂ ಈ ದ್ವೀಪದ ನಡುವೆನೇ ವರ್ಷಕ್ಕೆ ಸುಮಾರು 2 ಸೆಂಟಿಮೀಟರ್ ದೂರ ಸರೀತಿವೆ, ಸಾಲದ್ದಕ್ಕೆ ಅಡಿಯಿಂದ ಬಿಸಿ ಉಕ್ಕುತಾ ಇದೆ. ಇದು ನಮಗೇನೂ ಸಂಬಂಧ ಇಲ್ಲದ ದೂರದ ಕಥೆ ಅಂತ ಅನ್ಕೋಬೇಡಿ. ಸರ್ವೀಸಿನಲ್ಲಿ ಕೆಲವು ವರ್ಷ ನಾನು ವಿಜಯಪುರದ ಕಡೆ ಇದ್ದೆ, ಎರೆ ಮಣ್ಣಿನ ಮೇಲೆ ರಸ್ತೆ ನಿಲ್ಲಿಸೋ ಒದ್ದಾಟ ಏನು ಅಂತ ಅಲ್ಲಿನ ಯಾವ ಎಂಜಿನಿಯರ್‌ನ ಕೇಳಿದ್ರೂ ಹೇಳ್ತಾರೆ, ಮಳೆಗೆ ಉಬ್ಬುತ್ತೆ ಬಿಸಿಲಿಗೆ ಬಿರಿಯುತ್ತೆ. ಆ ಎರೆ ಮಣ್ಣು ಸುಮಾರು 6.6 ಕೋಟಿ ವರ್ಷದ ಹಿಂದೆ ನೆಲ ಸೀಳಿಕೊಂಡು ಹರಿದ ಲಾವಾ ಸವೆದು ಆದದ್ದು, ಬೆಳಗಾವಿ ಬೀದರ್ ಕಲಬುರಗಿ ಎಲ್ಲಾ ಆ ಲಾವಾ ಮೇಲೇ ಕೂತಿರೋ ಊರುಗಳು. ನಮ್ಮಲ್ಲಿ ಆಗಿ ಮುಗಿದಿದ್ದು ಅಲ್ಲಿ ಇನ್ನೂ ನಡೀತಾ ಇದೆ, ಅಷ್ಟೇ ವ್ಯತ್ಯಾಸ. ವಿಕ್ ಹತ್ರ ರೇನಿಸ್‌ಫ್ಯಾರಾ ಬೀಚಿನಲ್ಲಿ ಆರು ಮೂಲೆಯ ಕಲ್ಲಿನ ಕಂಬಗಳು ಒತ್ತೊತ್ತಾಗಿ ನಿಂತಿವೆ, ಲಾವಾ ಆರ್ತಾ ಕುಗ್ಗಿ ಬೇಸಿಗೆಯ ಎರೆ ಹೊಲ ಬಿರಿಯೋ ಹಾಗೆ ಬಿರಿದು ಆಗಿದ್ದು, ಮಲ್ಪೆಯಿಂದ ದೋಣಿಯಲ್ಲಿ ಹೋಗಿ ಸೇಂಟ್ ಮೇರೀಸ್ ದ್ವೀಪ ನೋಡಿದವರಿಗೆ ಅದು ಹೊಸದಲ್ಲ. ಅಲ್ಲಿನ ಕಲ್ಲಿನ ಜಾತಿ ಬೇರೆ, ವಯಸ್ಸೂ ಬೇರೆ, ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದ್ದು. ಆದ್ರೆ ಕಂಬ ಆಗೋ ರೀತಿ ಒಂದೇ.

ಆ ರೇನಿಸ್‌ಫ್ಯಾರಾ ಬಗ್ಗೆ ನಿಮ್ಮ ಲೇಖನದಲ್ಲಿ "ಸೆಲ್ಫಿಗೆ ಸ್ವರ್ಗ" ಅಂತ ಬರೆದಿದ್ದು ನನಗೆ ಸಿಟ್ಟು ತರಿಸ್ತು. ಅಲ್ಲಿ ಅಲೆ ನೋಡ್ತಾ ಇದ್ರೆ ಸಣ್ಣಗೇ ಬರ್ತಿರುತ್ತೆ, ಇದ್ದಕ್ಕಿದ್ದ ಹಾಗೆ ಒಂದು ದೊಡ್ಡದು ಬಂದು ತೀರ ದೂರದವರೆಗೂ ನುಗ್ಗಿ ಜನಾನ ಎಳ್ಕೊಂಡು ಹೋಗುತ್ತೆ, ಪ್ರವಾಸಿಗರು ಸತ್ತಿದ್ದಾರೆ, ಅದಕ್ಕೇ ಎಚ್ಚರಿಕೆ ದೀಪ, ಬೋರ್ಡು ಹಾಕಿದ್ದಾರೆ. ಸಮುದ್ರಕ್ಕೆ ಬೆನ್ನು ಹಾಕಿ ನಿಲ್ಲಬೇಡಿ ಅಂತ ಬೋರ್ಡಿದ್ರೂ ನಾವು ನಿಂತಿದ್ದ ಹೊತ್ತಲ್ಲೇ ಎಷ್ಟು ಜನ ಬೆನ್ನು ಹಾಕಿ ನಿಂತು ಫೋಟೋ ತೆಗೆಸ್ಕೊಂಡ್ರೋ ಲೆಕ್ಕ ಇಟ್ಟಿಲ್ಲ.

ರಸ್ತೆಗೆ ವಾಪಸ್ ಬರೋಣ. ಹೋಗೋರು ಮುಖ್ಯವಾಗಿ ತಿಳ್ಕೋಬೇಕಾಗಿದ್ದು ಏಕಪಥ ಸೇತುವೆಗಳು. 90ರಲ್ಲಿ ಹೋಗ್ತಾ ಇರ್ತೀರಿ, ಟಾರು ರಸ್ತೆಯ ಮಿತಿನೇ 90, ಜಲ್ಲಿ ರಸ್ತೆಗೆ 80, ಇದ್ದಕ್ಕಿದ್ದಂತೆ ಎರಡು ಲೇನು ಒಂದಾಗುತ್ತೆ, ಮೊದಲು ಹತ್ತಿರ ಬಂದವರು ಮೊದಲು ದಾಟಬೇಕು, ಎದುರಿನವರು ಕಾಯಬೇಕು. 2018ರ ಡಿಸೆಂಬರ್ 27ಕ್ಕೆ ನೂಪ್ಸ್‌ವೋಟ್ನ್ ಹೊಳೆಯ ಇಂಥದ್ದೇ ಸೇತುವೆಯಿಂದ ಒಂದು ಕಾರು ಕೆಳಗೆ ಬಿದ್ದು ಮೂವರು ಹೋದ್ರು, ಒಂದು ಮಗುನೂ ಸೇರಿ. ಬ್ರಿಟನ್ನಿನಲ್ಲಿದ್ದ ಭಾರತೀಯ ಮೂಲದ ಕುಟುಂಬ. ಆಮೇಲೆ ಅಲ್ಲಿ ಎರಡು ಲೇನಿನ ಹೊಸ ಸೇತುವೆ ಕಟ್ಟಿದ್ರು, ಆದ್ರೆ ದ್ವೀಪದಲ್ಲಿ ಒಂದೇ ಲೇನಿನವು ಇನ್ನೂ ಬೇಕಾದಷ್ಟಿವೆ. ನಾವು ಎಡಗಡೆ ಓಡಿಸೋ ಜನ, ಅಲ್ಲಿ ಬಲಗಡೆ, ಸುಸ್ತಾದಾಗ ಕೈ ತಾನಾಗೇ ಎಡಕ್ಕೆ ಎಳೆಯುತ್ತೆ, ಅದರಲ್ಲೂ ಜೂನ್‌ನಲ್ಲಿ ಕತ್ತಲೇ ಆಗಲ್ಲ ನೋಡಿ, ರಾತ್ರಿ ಹನ್ನೊಂದಾದ್ರೂ ಬೆಳಕು, ಇನ್ನೂ ಟೈಮಿದೆ ಇನ್ನೊಂದು ಜಾಗ ನೋಡ್ಬಿಡೋಣ ಅಂತ ಓಡಿಸ್ತಾನೇ ಇರ್ತಾರೆ, ಸುಸ್ತು ಆಗಿರೋದು ಗೊತ್ತಾಗಲ್ಲ. ಡಿಸೆಂಬರ್‌ನಲ್ಲಿ ಉಲ್ಟಾ, ಹಗಲು ಅನ್ನೋದು ನಾಲ್ಕೈದು ಗಂಟೆ.

ಗಾಳಿ ಬಗ್ಗೆ ನಮ್ಮವರಿಗೆ ಅಂದಾಜೇ ಇಲ್ಲ. ಅಲ್ಲಿ ಕಾರಿನ ಬಾಗಿಲನ್ನ ಎರಡು ಕೈಯಲ್ಲಿ ಹಿಡ್ಕೊಂಡು ತೆಗೀಬೇಕು, ಇಲ್ಲಾಂದ್ರೆ ಗಾಳಿ ಬಾಗಿಲನ್ನ ಹಿಂದಕ್ಕೆ ಮಡಚಿ ಹಾಕುತ್ತೆ, ಮಾಮೂಲಿ ಇನ್ಶೂರೆನ್ಸು ಸಾಮಾನ್ಯವಾಗಿ ಅದಕ್ಕೆ ಬರಲ್ಲ. ಮರಳುಗಾಡಲ್ಲಿ ಬಿರುಗಾಳಿ ಎದ್ರೆ ಮರಳು ಕಾರಿನ ಪೇಂಟು ಕಿತ್ತು ಗಾಜು ಮಂಕು ಮಾಡುತ್ತೆ, ಅದಕ್ಕೆ ಅಂತಾನೇ ಬೇರೆ ಇನ್ಶೂರೆನ್ಸು ಮಾರ್ತಾರೆ, ಮೊದಲು ಕೇಳಿದಾಗ ದುಡ್ಡು ಕೀಳೋ ಐಡಿಯಾ ಅನ್ನಿಸ್ತು ನಮ್ಮ ಅಳಿಯನಿಗೆ. ಎಫ್ ಅಂತ ಶುರುವಾಗೋ ನಂಬರಿನ ಒಳನಾಡ ರಸ್ತೆಗಳಿಗೆ ಫೋರ್ ವೀಲ್ ಡ್ರೈವ್ ಇಲ್ದೆ ಹೋಗೋ ಹಾಗಿಲ್ಲ, ಅವು ತೆರೆಯೋದೇ ಜೂನ್ ಕೊನೆ ಜುಲೈ ಹೊತ್ತಿಗೆ, ಅಲ್ಲಿ ಎಷ್ಟೋ ಕಡೆ ಸೇತುವೆನೇ ಇಲ್ಲ, ಹೊಳೆಗೇ ಇಳಿದು ದಾಟಬೇಕು, ಎಂಜಿನ್ನಿಗೆ ನೀರು ಹೋದ್ರೆ ದುಡ್ಡು ಪೂರ್ತಿ ನಿಮ್ಮದು. ಬೇಸಿಗೆಯಲ್ಲಿ ಕುರಿಗಳು ಬೇಲಿ ಇಲ್ದೆ ಓಡಾಡ್ಕೊಂಡಿರ್ತವೆ, ತಾಯಿ ಒಂದು ಕಡೆ ಮರಿ ಇನ್ನೊಂದು ಕಡೆ ಇದ್ರೆ ಮರಿ ಖಂಡಿತ ನಿಮ್ಮ ಕಾರಿನ ಮುಂದೇನೇ ಓಡುತ್ತೆ. ಊಟದ ಬಗ್ಗೆ ಜಾಸ್ತಿ ಹೇಳಲ್ಲ, ಸೊಪ್ಪು ತರಕಾರಿ ತಿನ್ನೋರಿಗೆ ಕಷ್ಟ, ದುಬಾರಿ, ಸೂಪರ್‌ಮಾರ್ಕೆಟ್ಟಲ್ಲಿ ಬ್ರೆಡ್ಡು, ಸ್ಕೀರ್ ಅನ್ನೋ ಗಟ್ಟಿ ಮೊಸರು ತಗೊಂಡು ಹೊಟ್ಟೆ ತುಂಬಿಸ್ಕೊಳ್ಳಿ.

ರಸ್ತೆ ಬಿಟ್ಟು ಕಾರು ಇಳಿಸೋದು ಕಾನೂನು ಪ್ರಕಾರ ತಪ್ಪು, ಭಾರಿ ದಂಡ. ಯಾಕೆ ಅನ್ನೋದಕ್ಕೆ ಪಾಚಿ ನೋಡಬೇಕು. 1783ರ ಜೂನ್‌ನಲ್ಲಿ ಲಾಕಿ ಅನ್ನೋ ಕಡೆ ನೆಲ ಇಪ್ಪತ್ತೈದು ಕಿಲೋಮೀಟರ್ ಉದ್ದ ಸೀಳಿ ಎಂಟು ತಿಂಗಳು ಲಾವಾ ಹರೀತು, ವಿಷದ ಹೊಗೆಗೆ ಹುಲ್ಲು ಹಾಳಾಗಿ ಕುರಿ ದನ ಸತ್ತು ಆ ಬರಗಾಲಕ್ಕೆ ದೇಶದ ಐದರಲ್ಲಿ ಒಂದು ಪಾಲು ಜನ ಸತ್ರು. ಆ ಲಾವಾ ಬಯಲಿನ ಮೇಲೇ ಈಗ ರಿಂಗ್ ರೋಡ್ ಹೋಗುತ್ತೆ, ಎರಡೂ ಪಕ್ಕ ಬೂದು ಹಸಿರು ಪಾಚಿ ದಪ್ಪಕ್ಕೆ ಹಾಸಿದೆ, ಎರಡು ಶತಮಾನದ ಮೇಲೆ ಬೆಳೆದಿದ್ದು. ಅದರ ಮೇಲೆ ಹತ್ತಿ ಕುಣಿದ್ರೆ ಹೆಜ್ಜೆ ಗುರುತು ಹತ್ತಾರು ವರ್ಷ ಹೋಗಲ್ಲ. ಅಲ್ಲೇ ಹತ್ರ ಫ್ಯಾದ್ರಾರ್‌ಗ್ಲ್ಯೂಫುರ್ ಅಂತ ಒಂದು ಕಣಿವೆ, ಒಬ್ಬ ಪಾಪ್ ಗಾಯಕನ ವಿಡಿಯೋದಲ್ಲಿ ಬಂದಿದ್ದೇ ತಡ ಜನ ಮುಗಿಬಿದ್ದು ತುಳಿದು ಹಾಕಿದ್ರು, 2019ರಲ್ಲಿ ಕೆಲವು ತಿಂಗಳು ಬಂದ್ ಮಾಡಿ ಉಳಿಸ್ಕೊಳ್ಳಬೇಕಾಯ್ತು. ಪೇಪರಲ್ಲಿ ಫೋಟೋ ಹಾಕೋದಕ್ಕೂ ಸ್ವಲ್ಪ ಜವಾಬ್ದಾರಿ ಇದೆ ಅಂತ ಅದಕ್ಕೇ ಹೇಳ್ತಿರೋದು.

ಉತ್ತರದ ಮೀವಾಟ್ನ್ ಕೆರೆ ಕಡೆ ಬಿಸಿ ಕೆಸರು ಕೊತಕೊತ ಕುದಿಯೋದು, ಕ್ರಾಫ್ಲಾದಲ್ಲಿ ಜ್ವಾಲಾಮುಖಿ ಸಿಡೀತಾ ಇರೋವಾಗಲೇ ಪವರ್ ಸ್ಟೇಷನ್ ಕಟ್ಟಿದ್ದು, ಅಪೋಲೋ ಗಗನಯಾತ್ರಿಗಳನ್ನ ಚಂದ್ರನ ನೆಲ ಅಭ್ಯಾಸ ಆಗ್ಲಿ ಅಂತ ಒಳನಾಡಿಗೆ ಕರ್ಕೊಂಡು ಬಂದಿದ್ದು, ಇದನ್ನೆಲ್ಲಾ ಬರೆದ್ರೆ ಇನ್ನೊಂದು ಪುಟ ಬೇಕು. ಒಂದು ಸುರಂಗದ ವಿಷಯ ಮಾತ್ರ ಹೇಳ್ತೀನಿ. ಅಕುರೇರಿ ಪಟ್ಟಣದ ಎದುರಿನ ಬೆಟ್ಟದಲ್ಲಿ ಏಳೂವರೆ ಕಿಲೋಮೀಟರ್ ಸುರಂಗ ಕೊರೀತಾ ಇದ್ರೆ ಒಂದು ಕಡೆಯಿಂದ ಬಿಸಿನೀರು ಚಿಮ್ಮಿ ಒಳಗೆ ಕೆಲಸ ಮಾಡೋಕೇ ಆಗದಷ್ಟು ಸೆಖೆ, ಸರಿ ಅಂತ ಇನ್ನೊಂದು ಕಡೆಯಿಂದ ಶುರು ಮಾಡಿದ್ರೆ ಅಲ್ಲಿ ತಣ್ಣೀರಿನ ಪ್ರವಾಹ. ಅಂತೂ 2018ರ ಕೊನೆಗೆ ತೆರೆದ್ರು. ಟೋಲ್ ಬೂತಿಲ್ಲ, ಆನ್‌ಲೈನಲ್ಲಿ ಕಟ್ಟಬೇಕು, ಗೊತ್ತಿಲ್ದೆ ಹೋದೋರಿಗೆ ಬಾಡಿಗೆ ಕಂಪನಿ ಮೂಲಕ ಜಾಸ್ತಿ ಬಿಲ್ಲು ಬರುತ್ತೆ. ಅದೇ ಅಕುರೇರಿಯಲ್ಲಿ ಟ್ರಾಫಿಕ್ ಸಿಗ್ನಲ್ಲಿನ ಕೆಂಪು ದೀಪ ಹೃದಯದ ಆಕಾರದಲ್ಲಿದೆ, 2008ರಲ್ಲಿ ದೇಶದ ದೊಡ್ಡ ಬ್ಯಾಂಕುಗಳೆಲ್ಲಾ ಮುಳುಗಿದಾಗ ಜನಕ್ಕೆ ಸ್ವಲ್ಪ ಖುಷಿಯಾಗ್ಲಿ ಅಂತ ಮಾಡಿದ್ದಂತೆ, ನಮ್ಮಲ್ಲಿ ಯಾರಾದ್ರೂ ಈ ಪ್ರಪೋಸಲ್ ಇಟ್ಟಿದ್ರೆ ಆಡಿಟ್ ಆಬ್ಜೆಕ್ಷನ್ ಬರ್ತಿತ್ತು.

ಈಗ ಕೇಳಬೇಕಾಗಿದ್ದು ಕೇಳ್ತೀನಿ. ಅಲ್ಲಿ ದೇಶಕ್ಕೆಲ್ಲಾ ಒಂದೇ ರಸ್ತೆ ಮ್ಯಾಪು, ಫೋನಲ್ಲಿ ತೆಗೆದ್ರೆ ಯಾವ ತುಂಡು ತೆರೆದಿದೆ, ಯಾವುದು ಜಾರುತ್ತೆ, ಯಾವುದು ಬಂದ್ ಅಂತ ಬಣ್ಣದಲ್ಲಿ ಗೊತ್ತಾಗುತ್ತೆ, ಘಟ್ಟದ ಮೇಲಿನ ಕ್ಯಾಮೆರಾದ ಫೋಟೋನೂ ನೋಡಬಹುದು, ರಸ್ತೆ ಬದಿಯ ಬೋರ್ಡಲ್ಲಿ ಮುಂದಿನ ಜಾಗದ ಗಾಳಿ ವೇಗ, ಉಷ್ಣತೆ ಓಡ್ತಾ ಇರುತ್ತೆ. ಪೆಟ್ರೋಲ್ ಬಂಕ್ ಹುಡುಗನಿಂದ ಹಿಡಿದು ಲಾರಿ ಡ್ರೈವರ್ ತನಕ ಬೆಳಿಗ್ಗೆ ಎದ್ದು ಅದನ್ನ ನೋಡಿಯೇ ಹೊರಡೋದು. ನಾನಿರೋದು ಸಕಲೇಶಪುರದಲ್ಲಿ, ಮಳೆಗಾಲದಲ್ಲಿ ದೋಣಿಗಲ್ ಹತ್ರ ಗುಡ್ಡ ಜಾರಿ ಶಿರಾಡಿ ಬಂದ್ ಆಗಿದ್ಯೋ, ಒಂದು ಕಡೆ ಬಿಡ್ತಿದ್ದಾರೋ, ಲಾರಿಗಳಿಗೆ ಮಾತ್ರ ಬಂದೋ ಅಂತ ನಮಗೆ ಗೊತ್ತಾಗೋದು ವಾಟ್ಸಾಪ್ ಗ್ರೂಪಿಂದ, ಅದೂ ಕೆಲವು ಸಲ ಹೋದ ವರ್ಷದ ವಿಡಿಯೋ ಇರುತ್ತೆ. ಶಿರಾಡಿ, ಚಾರ್ಮಾಡಿ, ಸಂಪಾಜೆ, ಆಗುಂಬೆ ನಾಲ್ಕಕ್ಕೂ ಸೇರಿಸಿ ಒಂದೇ ಕಡೆ ಕನ್ನಡದಲ್ಲಿ ಇಂಥ ಮ್ಯಾಪು ಬೇಕು ಅಂತ ನಿಮ್ಮ ಪೇಪರ್ ಒಂದು ಸಂಪಾದಕೀಯ ಬರೆದ್ರೆ ಒಳ್ಳೇದು, ಅಲ್ಲೀವರೆಗೂ ಜೂನಿಂದ ಸೆಪ್ಟೆಂಬರ್ ತನಕ ದಿನಾ ಒಳಪುಟದಲ್ಲಿ ನಾಲ್ಕು ಸಾಲು ಘಾಟಿ ಸ್ಥಿತಿ ಹಾಕಿ, ಬಂಗಾರದ ರೇಟಿನ ಪಕ್ಕ ಜಾಗ ಇರುತ್ತಲ್ಲ.

ಐಸ್‌ಲ್ಯಾಂಡ್ ಲೇಖನಕ್ಕೂ ಒಂದು ಸಣ್ಣ ಬಾಕ್ಸ್ ಹಾಕಿ ತಿದ್ದುಪಡಿ ಕೊಡಿ. ಹೆಡ್‌ಲೈಟ್ ಹಗಲೂ ಆನ್ ಇರಬೇಕು ಅದು ಕಾನೂನು, ಎಮರ್ಜೆನ್ಸಿ ನಂಬರ್ 112, ಎಷ್ಟೋ ಬಂಕುಗಳಲ್ಲಿ ಆಳಿರಲ್ಲ ಪಿನ್ ಇರೋ ಕಾರ್ಡ್ ಬೇಕು, ಅರ್ಧ ಟ್ಯಾಂಕಿಗೇ ತುಂಬಿಸ್ಕೊಳ್ಳಿ. ಕಳೆದುಹೋದವರನ್ನ ಹುಡುಕೋಕೆ ಬರೋರು ಸಂಬಳದವರಲ್ಲ, ಸ್ವಯಂಸೇವಕರು, ಹೊಸ ವರ್ಷಕ್ಕೆ ಪಟಾಕಿ ಮಾರಿ ಆ ದುಡ್ಡಲ್ಲಿ ಸಂಘ ನಡೆಸ್ತಾರೆ, ಬಂದ್ ಬೋರ್ಡ್ ದಾಟಿ ಹೋಗಿ ಸಿಕ್ಕಿಹಾಕ್ಕೊಂಡ್ರೆ ಅವರು ಮನೆ ಊಟ ಬಿಟ್ಟು ಬರ್ಬೇಕಾಗುತ್ತೆ.

ಮತ್ತೆ, ಪುರವಣಿಯ ದೊಡ್ಡ ಫೋಟೋ ಕೆಳಗೆ "ಸ್ಕೋಗಾಫೋಸ್ ಜಲಪಾತ" ಅಂತ ಹಾಕಿದ್ದೀರಿ. ಫೋಟೋದಲ್ಲಿ ಜನ ನೀರಿನ ಹಿಂದೆ ನಡ್ಕೊಂಡು ಹೋಗ್ತಿದ್ದಾರೆ, ಹಾಗಾಗಿ ಅದು ಸೆಲ್ಯಾಲಾಂಡ್ಸ್‌ಫೋಸ್. ಎರಡರ ನಡುವೆ ಅರ್ಧ ಗಂಟೆ ದಾರಿ.

ಇಂತಿ,
ನಿವೃತ್ತ ರಸ್ತೆ ಎಂಜಿನಿಯರ್, ಸಕಲೇಶಪುರ